ಹಿಸ್ಟೊಪೆಥಾಲಜಿ ಕೆಲಸ ಹುಡುಕುವವರು ಕೈಯಲ್ಲಿ ಏನು ಹಿಡಿದು ಹೋಗಬೇಕು?

ಪ್ರಶ್ನೆ: ನಾನು ಶಿಗ್ಗಾವಿ ತಾಲ್ಲೂಕಿನವಳು. ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ) ಮುಗಿಸಿ ಎರಡು ವರ್ಷದಿಂದ ಹಾವೇರಿಯ ಖಾಸಗಿ ಲ್ಯಾಬೊಂದರಲ್ಲಿ ರಕ್ತ, ಮೂತ್ರದ ಪರೀಕ್ಷೆ ಮಾಡುತ್ತಿದ್ದೇನೆ. ಇಂಟರ್ನ್‌ಶಿಪ್‌ನಲ್ಲಿ ಹದಿನೈದು ದಿನ, ದೇಹದಿಂದ ತೆಗೆದ ಅಂಗಾಂಶವನ್ನು ತೆಳುವಾಗಿ ಕತ್ತರಿಸಿ ಸ್ಲೈಡ್ ಮಾಡುವ ಹಿಸ್ಟೊಪೆಥಾಲಜಿ ವಿಭಾಗದಲ್ಲಿದ್ದೆ. ಆ ಕೆಲಸ ಮನಸ್ಸಿನಿಂದ ಹೋಗುತ್ತಿಲ್ಲ. ಆದರೆ ಜಾಹೀರಾತುಗಳಲ್ಲಿ ಹಿಸ್ಟೊ ತಂತ್ರಜ್ಞರು ಬೇಕೆಂದು ಬರೆದದ್ದನ್ನು ನಾನು ಕಂಡೇ ಇಲ್ಲ. ಹುಬ್ಬಳ್ಳಿ–ಧಾರವಾಡದಲ್ಲಿ ಈ ಕೆಲಸ ಸಿಗುತ್ತದೆಯೇ? ಅನುಭವವಿಲ್ಲದವಳನ್ನು ಯಾರು ಸೇರಿಸಿಕೊಳ್ಳುತ್ತಾರೆ? ಮನೆಯಲ್ಲಿ ‘ಮಾಂಸದ ತುಂಡು ಕೊಯ್ಯುವ ಕೆಲಸ ಬೇಡ’ ಎನ್ನುತ್ತಾರೆ. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಬಗ್ಗೆಯೂ ಅವರಿಗೆ ಹೆದರಿಕೆಯಿದೆ.

ಉತ್ತರ: ತಂಗಿ, ಕೆಲಸ ಇದೆ. ಅದು ಆ ಹೆಸರಿನಲ್ಲಿ ಜಾಹೀರಾತಾಗುವುದಿಲ್ಲ, ಅಷ್ಟೇ. ಸರ್ಕಾರಿ ಸಂಸ್ಥೆಗಳಲ್ಲಿ ‘ಪ್ರಯೋಗಶಾಲಾ ತಂತ್ರಜ್ಞ’ ಎಂಬ ಒಂದೇ ಹೆಸರಿನಡಿ ಹುದ್ದೆ ತುಂಬುತ್ತಾರೆ. ಒಳಗೆ ಬಂದವರಲ್ಲಿ ಯಾರನ್ನು ರಕ್ತದ ವಿಭಾಗಕ್ಕೆ, ಯಾರನ್ನು ಮೈಕ್ರೊಬಯಾಲಜಿಗೆ, ಯಾರನ್ನು ಹಿಸ್ಟೊಗೆ ಹಾಕುವುದು ಎಂಬುದು ಆಮೇಲೆ ತೀರ್ಮಾನವಾಗುತ್ತದೆ. ಖಾಸಗಿಯಲ್ಲಿ ಜಾಹೀರಾತಿನ ತನಕ ಮಾತು ಹೋಗುವುದೇ ಕಡಿಮೆ. ಸ್ಲೈಡ್ ನೋಡಿ ರೋಗ ಹೇಳುವ ವೈದ್ಯರು, ಅಂದರೆ ಒಬ್ಬ ಪೆಥಾಲಜಿಸ್ಟ್, ಇನ್ನೊಬ್ಬರಿಗೆ ಫೋನ್ ಮಾಡಿ, ‘ಸೆಕ್ಷನ್ ಚೆನ್ನಾಗಿ ತೆಗೆಯುವವರು ಯಾರಾದರೂ ನಿಮ್ಮ ಕಣ್ಣಿಗೆ ಬಿದ್ದಿದ್ದಾರೆಯೇ?’ ಎಂದು ಕೇಳುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹುಬ್ಬಳ್ಳಿಯಲ್ಲಿ ಅಂಗಾಂಶ ಕತ್ತರಿಸುವ ಯಂತ್ರವಾದ ಮೈಕ್ರೊಟೋಮ್ ಮುಂದೆ ಕೂತ ನನಗೆ ಮೂರು ಕಡೆ ಕೆಲಸ ಸಿಕ್ಕಿತು. ಮೂರೂ ಅಂಥ ಫೋನಿನಿಂದಲೇ ಬಂದವು.

ಹಾಗಾಗಿ ಬಯೊಡೇಟಾ ಹಂಚಲು ಹೊರಡುವ ಮೊದಲು ಕೈ ಪಳಗಬೇಕು, ಆ ಕೈಯ ಕೆಲಸ ಒಬ್ಬ ಪೆಥಾಲಜಿಸ್ಟರ ಸೂಕ್ಷ್ಮದರ್ಶಕದ ಕೆಳಗೆ ಬೀಳಬೇಕು. ಉಳಿದ ಸಲಹೆಗಳೆಲ್ಲ ಇದರ ಹಿಂದೆ ಬರುತ್ತವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನೀವು ಈಗ ಮಾಡುತ್ತಿರುವ ಕೆಲಸದಲ್ಲಿ ಸ್ಯಾಂಪಲ್ ಹೆಪ್ಪುಗಟ್ಟಿದರೆ ರೋಗಿಯನ್ನು ಮತ್ತೆ ಕರೆಸಿ ಇನ್ನೆರಡು ಎಂಎಲ್ ರಕ್ತ ತೆಗೆಯಬಹುದು. ಬಯಾಪ್ಸಿಯಲ್ಲಿ ಹಾಗಿಲ್ಲ. ಪ್ರಾಸ್ಟೇಟ್ ಗ್ರಂಥಿಯಿಂದ ಸೂಜಿಯಲ್ಲಿ ತೆಗೆದ ತುಣುಕು ದಾರದ ಎಳೆಯಷ್ಟು ಸಣ್ಣದು. ಅದನ್ನು ಮೇಣದ ಅಚ್ಚಿನಲ್ಲಿ, ಅಂದರೆ ಬ್ಲಾಕಿನಲ್ಲಿ, ಓರೆಯಾಗಿ ಕೂರಿಸಿದರೆ, ಮೇಲಿನ ಮೇಣ ಕೆರೆಯುವಾಗ ಅರ್ಧ ಅಂಗಾಂಶವೇ ಕಸದ ಪಾಲಾಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಅದರಲ್ಲೇ ಕ್ಯಾನ್ಸರ್ ಇದ್ದಿದ್ದರೆ ವರದಿಯಲ್ಲಿ ‘ಕಂಡುಬಂದಿಲ್ಲ’ ಎಂದು ಬರೆದು ಹೋಗುತ್ತದೆ. ಆದ್ದರಿಂದಲೇ ಯಾವ ಪೆಥಾಲಜಿಸ್ಟರೂ ಅಂಕಪಟ್ಟಿ ನೋಡಿ ಈ ಕುರ್ಚಿಯನ್ನು ಬಿಟ್ಟುಕೊಡುವುದಿಲ್ಲ.

ಅನುಭವವಿಲ್ಲ ಎಂದು ಬರೆದಿದ್ದೀರಿ. ನಿಮ್ಮಲ್ಲಿ ಒಂದು ಅನುಕೂಲ ಈಗಾಗಲೇ ಇದೆ, ನೀವು ಅದನ್ನು ಗಮನಿಸಿದಂತಿಲ್ಲ. ಹಾವೇರಿ, ರಾಣೆಬೆನ್ನೂರು, ಶಿಗ್ಗಾವಿಯ ನರ್ಸಿಂಗ್ ಹೋಮ್‌ಗಳಲ್ಲಿ ತೆಗೆದ ಗರ್ಭಕೋಶ, ಅಪೆಂಡಿಕ್ಸ್, ಗಂಟುಗಳು ಪರೀಕ್ಷೆಗಾಗಿ ಹುಬ್ಬಳ್ಳಿಯ ಕಡೆಗೆ ಹೋಗುತ್ತವೆ. ಅವುಗಳಲ್ಲಿ ಒಂದಷ್ಟು ನಿಮ್ಮಂಥ ಲ್ಯಾಬುಗಳ ಮೂಲಕವೇ ಸಾಗುತ್ತವೆ. ಆ ಡಬ್ಬಿಗಳ ಹೊಣೆಯನ್ನು ನಾಳೆಯಿಂದಲೇ ಕೇಳಿ ಪಡೆಯಿರಿ. ಈ ಕಡೆಯಿಂದ ಬರುವ ಸ್ಪೆಸಿಮೆನ್‌ಗಳ ಸ್ಥಿತಿ ನೋಡಿ ನಾನು ಎಷ್ಟೋ ದಿನ ಸಂಕಟಪಟ್ಟಿದ್ದೇನೆ. ಬಾಯಿ ಕಿರಿದಾದ ಬಾಟಲಿಯಲ್ಲಿ ತುರುಕಿದ ಗರ್ಭಕೋಶ ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿ, ಬಾಟಲಿ ಒಡೆಯದೆ ಹೊರಗೆ ಬರುತ್ತಿರಲಿಲ್ಲ. ಕೆಲವರು ಸಲೈನ್‌ನಲ್ಲೇ ಹಾಕಿ ಕಳಿಸುತ್ತಿದ್ದರು. ಬಸ್ಸಿನಲ್ಲಿ ಬರುವಷ್ಟರಲ್ಲಿ ಅದು ಕೊಳೆಯಲು ಶುರುವಾಗಿರುತ್ತಿತ್ತು. ಲೇಬಲ್ಲನ್ನು ಮುಚ್ಚಳಕ್ಕೆ ಅಂಟಿಸಿದ ಡಬ್ಬಿಗಳೂ ಬರುತ್ತಿದ್ದವು. ಮುಚ್ಚಳ ತೆಗೆದಿಟ್ಟ ಗಳಿಗೆಯಲ್ಲಿ ಡಬ್ಬಿಗೆ ಹೆಸರಿಲ್ಲದಂತಾಗುತ್ತಿತ್ತು.

ನೀವು ಮಾಡಬೇಕಾದದ್ದು ಇಷ್ಟು. ಡಬ್ಬಿ ಅಗಲ ಬಾಯಿಯದಾಗಿರಲಿ, ಲೇಬಲ್ ಡಬ್ಬಿಯ ಮೈಮೇಲಿರಲಿ. ಅಂಗಾಂಶದ ಗಾತ್ರದ ಹತ್ತು ಪಟ್ಟಾದರೂ ಫಾರ್ಮಲಿನ್ ಇರಲಿ. ಅದು ಬಫರ್ ಮಾಡಿದ 10% ಫಾರ್ಮಲಿನ್ ಆಗಿರಬೇಕು. ಬಫರ್ ಇಲ್ಲದ ಫಾರ್ಮಲಿನ್ ದಿನ ಕಳೆದಂತೆ ಆಮ್ಲೀಯವಾಗುತ್ತದೆ, ರಕ್ತ ತುಂಬಿದ ಅಂಗಾಂಶದಲ್ಲಿ ಕಂದುಗಪ್ಪು ಕಣಗಳನ್ನು ಉಳಿಸುತ್ತದೆ. ಅಂಗಾಂಶ ತೆಗೆದ ಸಮಯ ಮತ್ತು ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಕೋರಿಕೆ ಪತ್ರದಲ್ಲಿ ಬರೆಯಿರಿ. ಸ್ತನದ ಗಂಟಾದರೆ ಇದು ಇನ್ನೂ ಮುಖ್ಯ. ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಇಲ್ಲವಾದರೆ ಮುಂದೆ ಮಾಡುವ ಇಆರ್, ಪಿಆರ್, ಹರ್–2 ಪರೀಕ್ಷೆಗಳನ್ನು ಪೂರ್ತಿ ನಂಬಲಾಗುವುದಿಲ್ಲ, ಮತ್ತು ಆ ಮಹಿಳೆಗೆ ಯಾವ ಔಷಧಿ ಎಂಬುದು ನಿರ್ಧಾರವಾಗುವುದು ಅವುಗಳ ಮೇಲೆಯೇ. ಆರು ತಿಂಗಳು ಒಂದೇ ಕೈಬರಹದಲ್ಲಿ ಇಷ್ಟು ಅಚ್ಚುಕಟ್ಟಾದ ಡಬ್ಬಿಗಳು ಬಂದರೆ ಹುಬ್ಬಳ್ಳಿಯ ಪೆಥಾಲಜಿಸ್ಟ್ ‘ಹಾವೇರಿಯಿಂದ ಇದನ್ನು ಕಳಿಸುವವರು ಯಾರು?’ ಎಂದು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. ನೀವು ಮೊದಲ ಬಾರಿಗೆ ಅವರ ಬಾಗಿಲಿಗೆ ಹೋದಾಗ ನಿಮ್ಮ ಹೆಸರು ಅವರಿಗೆ ಗೊತ್ತಿರುತ್ತದೆ.

ಇನ್ನು ಕಲಿಯುವ ಜಾಗದ ಮಾತು. ಕೈ ಪಳಗಬೇಕಾದರೆ ದಿನಕ್ಕೆ ಬಹಳ ಬ್ಲಾಕ್ ಬರುವ, ತರಹೇವಾರಿ ಅಂಗಾಂಶ ಬರುವ ಕಡೆ ಕೂರಬೇಕು. ಅಂದರೆ ಬೋಧನಾ ಆಸ್ಪತ್ರೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಾವೆಲ್ಲ ಕಿಮ್ಸ್ ಎಂದೇ ಕರೆಯುವ, 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜ್ ಆಗಿ ಆರಂಭವಾದ ಸಂಸ್ಥೆ ಇದೆ. ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜಿದೆ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನ ದಾರಿಯಲ್ಲೇ ಸಿಗುತ್ತದೆ. ಹುಬ್ಬಳ್ಳಿಯಲ್ಲೇ ಕೆಎಲ್ಇ ಸಂಸ್ಥೆಯ ವೈದ್ಯಕೀಯ ಕಾಲೇಜೂ ಬಂದಿದೆ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಗದಗಿನಲ್ಲಿ ಜಿಮ್ಸ್ ವೈದ್ಯಕೀಯ ಕಾಲೇಜಿದೆ, ನಿಮ್ಮ ಹಾವೇರಿಯಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿದೆ. ವೈದ್ಯಕೀಯ ಕಾಲೇಜು ಎಂದರೆ ಪೆಥಾಲಜಿ ವಿಭಾಗ ಇರಲೇಬೇಕು, ಆ ವಿಭಾಗದಲ್ಲಿ ಮೈಕ್ರೊಟೋಮ್ ಇರಲೇಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಭಾಗದ ಹುಡುಗರಿಗೆ ಇಷ್ಟು ಬಾಗಿಲುಗಳಿರಲಿಲ್ಲ.

ಹೆಚ್ಚು ಜನ ಮರೆಯುವ ಇನ್ನೆರಡು ಬಾಗಿಲುಗಳಿವೆ. ಒಂದು, ದಂತ ವೈದ್ಯಕೀಯ ಕಾಲೇಜಿನ ಬಾಯಿ ರೋಗಶಾಸ್ತ್ರ ವಿಭಾಗ. ಗುಟ್ಕಾ, ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರ್ ನಮ್ಮ ಕಡೆ ಎಷ್ಟು ಕಾಣುತ್ತದೆಂದು ನಿಮಗೇ ಗೊತ್ತು. ಆ ಬಯಾಪ್ಸಿಗಳನ್ನು ಅಲ್ಲಿಯೂ ಕತ್ತರಿಸುತ್ತಾರೆ. ಹಲ್ಲು, ಮೂಳೆಯನ್ನು ಆಮ್ಲದಲ್ಲಿಟ್ಟು ಸುಣ್ಣದಂಶ ಕಳೆದು ಮೆತ್ತಗೆ ಮಾಡುವ ಕೆಲಸವನ್ನು ಅಲ್ಲಿ ಕಲಿಯುವಷ್ಟು ಚೆನ್ನಾಗಿ ಬೇರೆ ಕಡೆ ಕಲಿಯಲಾಗುವುದಿಲ್ಲ. ಇನ್ನೊಂದು, ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗ. ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಸಹಜ ಅಂಗಾಂಶದ ಸ್ಲೈಡ್ ಪೆಟ್ಟಿಗೆಗಳು ಬೇಕು. ಅದನ್ನು ಮಾಡುವ ಪುಟ್ಟ ಹಿಸ್ಟಾಲಜಿ ಕೋಣೆಯಲ್ಲಿ ಗದ್ದಲವಿರುವುದಿಲ್ಲ, ರೋಗಿಯ ವರದಿಯ ಒತ್ತಡವೂ ಇರುವುದಿಲ್ಲ. ಹೊಸಬರಿಗೆ ಕೈ ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ವಿಭಾಗದ ಮುಖ್ಯಸ್ಥರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಮೂರು ತಿಂಗಳು ಅಥವಾ ಆರು ತಿಂಗಳು ಹಿಸ್ಟೊಪೆಥಾಲಜಿಯಲ್ಲಿ ತರಬೇತಿಗೆ ಅವಕಾಶ ಕೊಡಿ ಎಂದು ಕೇಳಿ. ಡಿಎಂಎಲ್‌ಟಿ ಅಂಕಪಟ್ಟಿ, ಇಂಟರ್ನ್‌ಶಿಪ್ ಪ್ರಮಾಣಪತ್ರ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ದಾಖಲೆ ಲಗತ್ತಿಸಿ. ಸಂಬಳವಿಲ್ಲದೆ ಕಲಿಯುವುದಾದರೆ ಕಾಲಮಿತಿ ಕಾಗದದ ಮೇಲೆ ಇರಲಿ. ನಮ್ಮ ಊರಿನದೇ ಒಂದು ಖಾಸಗಿ ಲ್ಯಾಬ್, ಹೆಸರು ಬೇಡ, ಹುಡುಗನೊಬ್ಬನನ್ನು ‘ಕಲಿಯಲು ಬಾ’ ಎಂದು ಕರೆದು ಹದಿನಾಲ್ಕು ತಿಂಗಳು ಬಿಡಿಗಾಸಿಲ್ಲದೆ ದುಡಿಸಿತು. ಕೊನೆಗೆ ಪ್ರಮಾಣಪತ್ರ ಕೇಳಿದಾಗ ‘ನೀನು ನಮ್ಮ ನೌಕರನೇ ಅಲ್ಲವಲ್ಲ’ ಎಂದಿತು. ಅವನು ನನ್ನ ಮನೆಗೆ ಬಂದು ಅತ್ತದ್ದು ಇನ್ನೂ ಕಣ್ಣ ಮುಂದಿದೆ. ಆರು ತಿಂಗಳಿಗಿಂತ ಹೆಚ್ಚು ಯಾರಿಗೂ ಪುಕ್ಕಟೆ ದುಡಿಯಬೇಡಿ. ಅಷ್ಟರಲ್ಲಿ ಕೈ ಕುದುರದಿದ್ದರೆ ಅಲ್ಲಿ ಕಲಿಸುವವರಿಲ್ಲ ಎಂದೇ ತಿಳಿಯಿರಿ.

ಕೈ ಕುದುರುವುದು ಎಂದರೆ ಏನು? ನೀವು ದಿನವೂ ನೋಡುವ ಕೆಂಪು ರಕ್ತಕಣದ ಅಗಲ ಸುಮಾರು 7 ಮೈಕ್ರಾನ್. ನಾವು ಕತ್ತರಿಸುವ ಹಾಳೆ 3ರಿಂದ 4 ಮೈಕ್ರಾನ್. ಅಂದರೆ ರಕ್ತಕಣದ ಅಗಲದ ಅರ್ಧದಷ್ಟು ತೆಳುವಾದ ಹಾಳೆ, ಅದೂ ಮೇಣದಲ್ಲಿ ಹೂತ ಅಂಗಾಂಶದ್ದು. ಇದನ್ನು ತೆಗೆಯುವುದು ಯಂತ್ರವೇ. ಆದರೆ ಚಕ್ರ ತಿರುಗಿಸುವ ವೇಗ, ಬ್ಲೇಡಿನ ಕೋನ, ಬ್ಲಾಕಿನ ತಂಪು, ಈ ಮೂರನ್ನೂ ಹೊಂದಿಸುವುದು ಕೈ. ಬೆಟಗೇರಿಯ ನೇಕಾರರ ಮನೆಯ ಹುಡುಗಿಯೊಬ್ಬಳು ನನ್ನ ಬಳಿ ಕಲಿತಳು. ಮೂರನೆಯ ವಾರಕ್ಕೇ ಅವಳ ರಿಬ್ಬನ್, ಅಂದರೆ ಒಂದಕ್ಕೊಂದು ಅಂಟಿ ಬರುವ ಹಾಳೆಗಳ ಸಾಲು, ಸುಕ್ಕಿಲ್ಲದೆ ನೀರಿನ ಮೇಲೆ ಹರಡಿಕೊಳ್ಳುತ್ತಿತ್ತು. ಕೇಳಿದರೆ, ಎಳೆ ಹರಿಯುವ ಮೊದಲು ಬಿಗಿತ ಬೆರಳಿಗೆ ಗೊತ್ತಾಗುತ್ತದೆ ಸರ್, ಮನೆಯಲ್ಲಿ ಮಗ್ಗದ ಮೇಲೆ ಕಲಿತದ್ದು ಎಂದಳು. ನನಗೆ ಅದು ಬರಲು ಒಂದು ವರ್ಷ ಹಿಡಿದಿತ್ತು.

ನಮ್ಮ ಹವೆಗೂ ಈ ಕೆಲಸಕ್ಕೂ ಗಟ್ಟಿ ನಂಟಿದೆ, ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಏಪ್ರಿಲ್–ಮೇ ತಿಂಗಳಲ್ಲಿ ಹುಬ್ಬಳ್ಳಿಯ ಸೆಕೆಗೆ ಮೇಣ ಮೆತ್ತಗಾಗಿ, ಹಾಳೆ ಬ್ಲೇಡಿಗೆ ಒತ್ತಿ ಮುದುಡುತ್ತದೆ. ಆಗ ಬ್ಲಾಕುಗಳನ್ನು ಮಂಜುಗಡ್ಡೆಯ ಮೇಲೆ ಬೋರಲು ಹಾಕಿ ಒಂದೊಂದಾಗಿ ತೆಗೆದು ಕತ್ತರಿಸಬೇಕು. ಚಳಿಗಾಲದ ಒಣಹವೆಯಲ್ಲಿ ಸ್ಥಿರವಿದ್ಯುತ್ತಿನಿಂದ ರಿಬ್ಬನ್ ಎಗರಿ ಬ್ಲೇಡಿಗೋ ಬೆರಳಿಗೋ ಅಂಟಿಕೊಳ್ಳುತ್ತದೆ. ಹತ್ತಿರದಲ್ಲೊಂದು ಒದ್ದೆ ಬಟ್ಟೆ ಇಟ್ಟರೆ, ಬ್ಲಾಕಿನ ಮೇಲೆ ಬಾಯುಸಿರು ಬಿಟ್ಟರೆ ಸುಧಾರಿಸುತ್ತದೆ. ಹಾಳೆ ತೇಲಿಸುವ ನೀರಿನ ಪಾತ್ರೆಯ ಶಾಖ ಮೇಣದ ಕರಗುವ ಬಿಂದುವಿಗಿಂತ ಹತ್ತು ಡಿಗ್ರಿಯಷ್ಟು ಕಡಿಮೆ ಇರಬೇಕು, ಅಂದರೆ 45ರಿಂದ 50 ಡಿಗ್ರಿಯ ಆಸುಪಾಸು. ಬೋರ್‌ವೆಲ್ಲಿನ ಗಡಸು ನೀರನ್ನು ಎಲ್ಲರೂ ಬೈಯುತ್ತಾರೆ, ಆದರೆ ಹೆಮಟಾಕ್ಸಿಲಿನ್ ಬಣ್ಣ ನೀಲಿಗೆ ತಿರುಗಲು ಅದರ ಕ್ಷಾರಗುಣ ನೆರವಾಗುತ್ತದೆ.

ವಿದ್ಯುತ್ತಿನ ಮಾತೂ ಹೇಳಬೇಕು. ಅಂಗಾಂಶದ ನೀರು ಕಳೆದು ಮೇಣ ತುಂಬುವ ಯಂತ್ರ, ಟಿಶ್ಯೂ ಪ್ರೊಸೆಸರ್, ರಾತ್ರಿಯಿಡೀ ಓಡುತ್ತದೆ. ಫಾರ್ಮಲಿನ್‌ನಿಂದ ಆಲ್ಕೋಹಾಲ್, ಅಲ್ಲಿಂದ ಕ್ಸೈಲಿನ್, ಅಲ್ಲಿಂದ 60 ಡಿಗ್ರಿಯ ಹತ್ತಿರದ ಕರಗಿದ ಮೇಣ. ನಡುರಾತ್ರಿ ವಿದ್ಯುತ್ ಹೋಗಿ ಅಂಗಾಂಶದ ಬುಟ್ಟಿ ಗಾಳಿಯಲ್ಲೇ ನಿಂತರೆ ಬೆಳಿಗ್ಗೆಯ ಹೊತ್ತಿಗೆ ಅಂಗಾಂಶ ಒಣಗಿರುತ್ತದೆ. ಬ್ಲೇಡಿಗೆ ಕೊಟ್ಟರೆ ಖಡಕ್ ರೊಟ್ಟಿಯಂತೆ ಪುಡಿಯಾಗುತ್ತದೆ. ನೀರಿನಂಶ ಸರಿಯಾಗಿ ಹೋಗದಿದ್ದರೆ ಅದಕ್ಕೆ ವಿರುದ್ಧ, ಬ್ಲಾಕಿನ ನಡುವೆ ಹಸಿ ಹಿಟ್ಟಿನಂತೆ ಕುಳಿ ಬೀಳುತ್ತದೆ. ಹೀಗಾದಾಗ ಅದನ್ನು ಹೇಗೆ ಉಳಿಸಿಕೊಳ್ಳುತ್ತೀರಿ ಎಂಬುದು ಸಂದರ್ಶನದಲ್ಲಿ ಬಂದೇ ಬರುವ ಪ್ರಶ್ನೆ. ಸಾಕಷ್ಟು ನೀರು ಹೋಗದ ಅಂಗಾಂಶವಾದರೆ ಮೇಣ ಕರಗಿಸಿ, ಬಂದ ದಾರಿಯಲ್ಲೇ ಕ್ಸೈಲಿನ್, ಆಲ್ಕೋಹಾಲ್‌ಗೆ ಹಿಂದಿರುಗಿಸಿ ಮತ್ತೆ ಮುಂದೆ ತರಬೇಕು. ಅದಕ್ಕಿಂತ ಮೊದಲು ಮಾಡಬೇಕಾದದ್ದು, ತಪ್ಪಾಗಿದೆ ಎಂದು ಪೆಥಾಲಜಿಸ್ಟರಿಗೆ ಆ ಕ್ಷಣವೇ ತಿಳಿಸುವುದು. ಸಂದರ್ಶನದಲ್ಲಿ ಈ ಎರಡನೆಯ ಮಾತು ಹೇಳಿದವರನ್ನು ನಾನು ಆರಿಸುತ್ತಿದ್ದೆ.

ತಿಳಿಸುವುದು ಯಾಕೆ ಅಷ್ಟು ದೊಡ್ಡದು ಎಂದು ನಾನು ಕಲಿತ ಬಗೆ ಹೀಗೆ. ಸೇರಿದ ಎರಡನೆಯ ವರ್ಷ. ಒಂದು ಬೆಳಿಗ್ಗೆ ಸಾಲು ಸಾಲು ಬ್ಲಾಕ್ ಹಾಕುವ ಅವಸರದಲ್ಲಿ ಚಿಮಟವನ್ನು ಒರೆಸದೆ ಮುಂದಿನ ಕ್ಯಾಸೆಟ್ಟಿಗೆ, ಅಂದರೆ ಅಂಗಾಂಶವಿಡುವ ಪುಟ್ಟ ಡಬ್ಬಿಗೆ, ಕೈ ಹಾಕಿದೆ. ಹಿಂದಿನ ರೋಗಿಯ ಗಡ್ಡೆಯ ಸಾಸಿವೆ ಕಾಳಿನಷ್ಟು ಚೂರು ಇನ್ನೊಬ್ಬ ಹೆಣ್ಣುಮಗಳ ಗರ್ಭಕೋಶದ ಒಳಪದರದ ಬ್ಲಾಕಿಗೆ ಸೇರಿತು. ಇದನ್ನು ನಾವು ಫ್ಲೋಟರ್ ಎನ್ನುತ್ತೇವೆ. ಸ್ಲೈಡ್ ನೋಡಿದ ಪೆಥಾಲಜಿಸ್ಟ್ ಮೇಡಂ ಅವರಿಗೆ ಅನುಮಾನ ಬಂತು. ಸುತ್ತಲಿನ ಅಂಗಾಂಶಕ್ಕೂ ಆ ಚೂರಿಗೂ ಹೊಂದಿಕೆಯಿಲ್ಲ ಎಂದು ಹಿಂದಿನ ಬ್ಲಾಕುಗಳನ್ನೆಲ್ಲ ತರಿಸಿ ಒಂದೊಂದಾಗಿ ಹೋಲಿಸಿದರು. ನಾನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಆ ಹೆಣ್ಣುಮಗಳ ವಯಸ್ಸು ಎಷ್ಟೆಂದು ಮಾತ್ರ ಹೇಳಿದರು. ಇಪ್ಪತ್ತೊಂಬತ್ತು. ಆಮೇಲೆ ನಿವೃತ್ತಿಯ ದಿನದವರೆಗೂ ಪ್ರತಿ ಕ್ಯಾಸೆಟ್ಟಿನ ನಡುವೆ ಚಿಮಟವನ್ನು ಬಿಸಿಮೇಣದಲ್ಲಿ ಅದ್ದಿ ಒರೆಸದೆ ಮುಂದೆ ಹೋಗಲಿಲ್ಲ.

ತರಬೇತಿಯಲ್ಲಿ ಕತ್ತರಿಸುವುದರ ಮೇಲೆ ಎಷ್ಟು ಗಮನವೋ ಎಂಬೆಡಿಂಗ್, ಅಂದರೆ ಅಂಗಾಂಶವನ್ನು ಮೇಣದಲ್ಲಿ ಕೂರಿಸುವುದರ ಮೇಲೆ ಅದಕ್ಕಿಂತ ಹೆಚ್ಚು ಗಮನ ಕೊಡಿ. ಚರ್ಮದ ತುಣುಕನ್ನು ಅಂಚಿನ ಮೇಲೆ ನಿಲ್ಲಿಸಬೇಕು, ಮೇಲ್ಪದರದಿಂದ ಕೊಬ್ಬಿನವರೆಗೆ ಎಲ್ಲ ಪದರವೂ ಒಂದೇ ಹಾಳೆಯಲ್ಲಿ ಕಾಣಬೇಕು. ಅಪೆಂಡಿಕ್ಸ್, ಗರ್ಭನಾಳದಂಥ ಕೊಳವೆಗಳು ಬಳೆಯಂತೆ ಅಡ್ಡಲಾಗಿ ಕಾಣುವಂತೆ ಕೂರಬೇಕು. ಸೂಜಿಯ ತುಣುಕುಗಳು ಒಂದೇ ಮಟ್ಟದಲ್ಲಿ ಮಲಗಿರಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಯಂತ್ರ ಸಿಗುವುದಿಲ್ಲ ನಿಜ, ಆದರೆ ವಿಭಾಗದಲ್ಲಿ ಒಪ್ಪಿಗೆ ಪಡೆದು ಮಟನ್ ಅಂಗಡಿಯಿಂದ ತಂದ ಆಡಿನ ಪಿತ್ತಜನಕಾಂಗ, ಮೂತ್ರಪಿಂಡದ ತುಂಡುಗಳಲ್ಲಿ ಅಭ್ಯಾಸದ ಬ್ಲಾಕ್ ಮಾಡಿಕೊಳ್ಳಬಹುದು. ಅವು ಕತ್ತರಿಸಲು ಸುಲಭ. ಅವು ಕೈಗೆ ಬಂದ ಮೇಲೆ ಚರ್ಮ, ಗರ್ಭಕೋಶದ ಸ್ನಾಯು, ಕೊಬ್ಬು ತುಂಬಿದ ಸ್ತನಕ್ಕೆ ಹೋಗಿ. ಸ್ತನದ ಕೊಬ್ಬನ್ನು ಹರಿಯದೆ ಕತ್ತರಿಸುವವರು ಏನನ್ನಾದರೂ ಕತ್ತರಿಸಬಲ್ಲರು.

ಬಣ್ಣ ಹಾಕುವುದರಲ್ಲಿ ಎಚ್ ಅಂಡ್ ಇ (ಹೆಮಟಾಕ್ಸಿಲಿನ್ ಮತ್ತು ಇಯೊಸಿನ್) ದಿನದ ಅನ್ನ. ಅದರಾಚೆಗೆ ಪಿಎಎಸ್, ಕ್ಷಯದ ಜಿಯೆಲ್–ನೀಲ್ಸನ್, ರೆಟಿಕ್ಯುಲಿನ್, ಮ್ಯಾಸನ್ ಟ್ರೈಕ್ರೋಮ್ ಈ ವಿಶೇಷ ಬಣ್ಣಗಳನ್ನು ಕಂಟ್ರೋಲ್ ಸ್ಲೈಡ್ (ಬಣ್ಣ ಸರಿಯಾಗಿ ಬಂದಿದೆಯೇ ಎಂದು ಹೋಲಿಸುವ ಸ್ಲೈಡ್) ಜೊತೆಗಿಟ್ಟು ಮಾಡಲು ಕಲಿಯಿರಿ. ಇದಕ್ಕೊಂದು ಉಪಾಯವಿದೆ. ಬೋಧನಾ ಆಸ್ಪತ್ರೆಯಲ್ಲಿ ಎಂಡಿ ಪೆಥಾಲಜಿ ಓದುವ ಕಿರಿಯ ವೈದ್ಯರು ಇರುತ್ತಾರೆ, ಅವರ ಪ್ರಬಂಧಕ್ಕೆ ವಿಶೇಷ ಬಣ್ಣದ ಸ್ಲೈಡುಗಳು ರಾಶಿ ರಾಶಿ ಬೇಕು. ಅವರ ಜೊತೆ ಕೂತು ಮಾಡಿ. ಅವರೇ ಮೂರು ವರ್ಷದಲ್ಲಿ ಪೆಥಾಲಜಿಸ್ಟರಾಗಿ ಬೆಳಗಾವಿಗೋ ದಾವಣಗೆರೆಗೋ ಹೋಗಿ ಲ್ಯಾಬ್ ತೆರೆಯುತ್ತಾರೆ. ನಾನು ಮೊದಲು ಹೇಳಿದ ಫೋನ್ ಮಾಡುವವರು ಅವರೇ.

ಒಂದು ದಪ್ಪ ನೋಟುಬುಕ್ ಇಡಿ. ಇಂದು ಎಷ್ಟು ಬ್ಲಾಕ್, ಯಾವ ಅಂಗಾಂಶ, ಯಾವ ಬಣ್ಣ, ಏನು ತಪ್ಪಾಯಿತು, ಹೇಗೆ ಸರಿಯಾಯಿತು ಎಂದು ಬರೆದು ವಾರಕ್ಕೊಮ್ಮೆ ಪೆಥಾಲಜಿಸ್ಟರ ಸಹಿ ಪಡೆಯಿರಿ. ಆಡಿನ ಅಂಗಾಂಶದ ನಿಮ್ಮ ಸ್ಲೈಡುಗಳಲ್ಲಿ ಚೆನ್ನಾಗಿ ಬಂದ ಹತ್ತು–ಹನ್ನೆರಡನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಿ. ಸಂದರ್ಶನಕ್ಕೆ ಹೋದಾಗ ಆ ನೋಟುಬುಕ್ ಮತ್ತು ಪೆಟ್ಟಿಗೆ ಮೇಜಿನ ಮೇಲಿಡಿ. ರೋಗಿಗಳ ಸ್ಲೈಡನ್ನು ಮಾತ್ರ ಎಂದಿಗೂ ಹೊರಗೆ ಒಯ್ಯಬೇಡಿ, ಮೊಬೈಲಿನಲ್ಲಿ ಫೋಟೊ ತೆಗೆದೂ ಕೂಡ.

ಸರ್ಕಾರಿ ಕೆಲಸದ ಆಸೆ ಮನೆಯವರಿಗೆ ಇದ್ದೇ ಇರುತ್ತದೆ. ವೈದ್ಯಕೀಯ ಕಾಲೇಜುಗಳು ಸ್ವಾಯತ್ತ ಸಂಸ್ಥೆಗಳಾದ್ದರಿಂದ ತಮ್ಮದೇ ಅಧಿಸೂಚನೆ ಹೊರಡಿಸುತ್ತವೆ. ಅವುಗಳ ಜಾಲತಾಣವನ್ನು ವಾರಕ್ಕೊಮ್ಮೆ ನೋಡುವುದನ್ನು ರೂಢಿಸಿಕೊಳ್ಳಿ. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ, ಇಲ್ಲಿ ರೈಲ್ವೆ ಆಸ್ಪತ್ರೆಯೂ ಇದೆ. ರೈಲ್ವೆ ನೇಮಕಾತಿ ಮಂಡಳಿಯ ಅರೆವೈದ್ಯಕೀಯ ಅಧಿಸೂಚನೆಯಲ್ಲಿ ಲ್ಯಾಬ್ ಹುದ್ದೆಗಳು ಇರುತ್ತವೆ. ಆದರೆ ಅಲ್ಲಿ ಸೇರಿದರೆ ಹಿಸ್ಟೊ ಸಿಕ್ಕೇ ಸಿಗುತ್ತದೆ ಎಂದು ತಿಳಿಯಬೇಡಿ. ಪಕ್ಕದ ಕೊಪ್ಪಳ, ಬಳ್ಳಾರಿಯ ಹುದ್ದೆಗಳಿಗೆ ಅರ್ಜಿ ಹಾಕುವಾಗ ಇನ್ನೊಂದು ಗಮನಿಸಿ. ಆ ಜಿಲ್ಲೆಗಳು 371ಜೆ ವಿಧಿಯಡಿ ಬರುತ್ತವೆ, ಹೆಚ್ಚಿನ ಹುದ್ದೆ ಅಲ್ಲಿನ ಸ್ಥಳೀಯರಿಗೇ ಮೀಸಲು. ಹಾವೇರಿ, ಗದಗ, ಧಾರವಾಡದ ನಮಗೆ ಆ ಮೀಸಲಾತಿ ಇಲ್ಲ. ಉಳಿದ ಹುದ್ದೆಗಳ ಸಂಖ್ಯೆಯನ್ನಷ್ಟೇ ಎಣಿಸಿ ಶುಲ್ಕ ಕಟ್ಟಿ.

ಹೊರಗುತ್ತಿಗೆಯ ಕೆಲಸ ಹಿಡಿಯುವಾಗ ಎಚ್ಚರ ಬೇಕು. ಆಸ್ಪತ್ರೆಯಲ್ಲಿ ಐದು ವರ್ಷ ದುಡಿದರೂ ಅನುಭವ ಪತ್ರ ಕೊಡುವುದು ಏಜೆನ್ಸಿ, ಅದರಲ್ಲಿ ‘ಲ್ಯಾಬ್ ಸಿಬ್ಬಂದಿ’ ಎಂದಷ್ಟೇ ಇರುತ್ತದೆ. ಸೇರುವ ದಿನವೇ ವಿಭಾಗದ ಮುಖ್ಯಸ್ಥರಿಂದ ‘ಹಿಸ್ಟೊಪೆಥಾಲಜಿ ವಿಭಾಗದಲ್ಲಿ ಕೆಲಸಕ್ಕೆ ನಿಯೋಜಿಸಲಾಗಿದೆ’ ಎಂಬ ಒಂದು ಸಾಲಿನ ಆದೇಶ ಕೇಳಿಟ್ಟುಕೊಳ್ಳಿ. ಕೆಲಸ ಕೊಡಿಸುತ್ತೇನೆಂದು ಠೇವಣಿ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಖಾಸಗಿ ಲ್ಯಾಬಾದರೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲಿದೆಯೇ ನೋಡಿ. ಲ್ಯಾಬುಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದ್ದರೆ ಅದರ ವ್ಯಾಪ್ತಿಯಲ್ಲಿ ಹಿಸ್ಟೊಪೆಥಾಲಜಿ ಸೇರಿದೆಯೇ ಕೇಳಿ. ಎಷ್ಟೋ ಕಡೆ ಮಾನ್ಯತೆ ರಕ್ತಪರೀಕ್ಷೆಗೆ ಮಾತ್ರ ಇರುತ್ತದೆ. ಮಾನ್ಯತೆಯಿರುವ ವಿಭಾಗದಲ್ಲಿ ಎರಡು ವರ್ಷ ಕಳೆದರೆ ದಾಖಲೆ ಇಡುವ ಶಿಸ್ತು ಮೈಗೂಡುತ್ತದೆ, ಬೆಂಗಳೂರಿನ ದೊಡ್ಡ ಲ್ಯಾಬುಗಳು ಕೇಳುವುದು ಅದನ್ನೇ. ಸಂಬಳದ ಮಾತಾಡುವಾಗ ಕೈಗೆ ಬರುವ ಮೊತ್ತದ ಜೊತೆ ಪಿಎಫ್, ಇಎಸ್ಐ ಇದೆಯೇ ಎಂದೂ ಕೇಳಿ. ತಿಂಗಳ ವೇತನ 21,000 ರೂಪಾಯಿಯವರೆಗೆ ಇರುವವರು ಇಎಸ್ಐ ವ್ಯಾಪ್ತಿಗೆ ಬರುತ್ತಾರೆ.

ಮುಂದೆ ಓದುವ ಶಕ್ತಿಯಿದ್ದರೆ ಬಿಎಸ್ಸಿ ಎಂಎಲ್‌ಟಿ ಮಾಡಿ. 2021ರಲ್ಲಿ ಸಹಾಯಕ ಆರೋಗ್ಯ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗದ ಕಾನೂನು ಬಂದಿದೆ. ಲ್ಯಾಬ್ ತಂತ್ರಜ್ಞರೂ ಅದರಡಿ ನೋಂದಣಿಗೆ ಒಳಪಡುತ್ತಾರೆ. ಮಾನ್ಯತೆಯಿಲ್ಲದ ಸಂಸ್ಥೆಯ ಪ್ರಮಾಣಪತ್ರಕ್ಕೆ ಇನ್ನು ಮುಂದೆ ಬೆಲೆ ಇಳಿಯುತ್ತಲೇ ಹೋಗುತ್ತದೆ.

ಈಗ ಮನೆಯವರ ಮಾತಿಗೆ ಬರುತ್ತೇನೆ. ಫಾರ್ಮಲಿನ್ ಬಗ್ಗೆ ಅವರ ಹೆದರಿಕೆ ಸುಳ್ಳಲ್ಲ, ಅದನ್ನು ಅವರಿಗೆ ಸುಳ್ಳೆಂದು ಹೇಳಲೂಬೇಡಿ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿದೆ. ಕ್ಸೈಲಿನ್ ಆವಿಯೂ ಒಳ್ಳೆಯದಲ್ಲ. ಕೆಲಸ ಒಪ್ಪುವ ಮೊದಲು ಆ ಕೋಣೆಗೆ ಹೋಗಿ ಐದು ನಿಮಿಷ ನಿಲ್ಲಿ. ಕಣ್ಣು ಉರಿದರೆ ಅಲ್ಲಿ ಗಾಳಿಯ ವ್ಯವಸ್ಥೆ ಸರಿಯಿಲ್ಲ. ಬಂದ ಅಂಗಾಂಶವನ್ನು ನೋಡಿ ತುಣುಕು ಆರಿಸುವ ಗ್ರಾಸಿಂಗ್ ಮೇಜಿನ ಬಳಿ ಆವಿ ಹೀರುವ ಫ್ಯಾನ್ ಇದೆಯೇ, ಕೈಗವಸು ನೈಟ್ರೈಲ್‌ನದೇ, ಬಳಸಿದ ಕ್ಸೈಲಿನನ್ನು ಬಚ್ಚಲಿಗೆ ಸುರಿಯುತ್ತಾರೆಯೇ ಎಂದು ನೋಡಿ. ಸುರಿಯುವ ಜಾಗವಾದರೆ ಎಷ್ಟೇ ಸಂಬಳ ಕೊಟ್ಟರೂ ಬೇಡ. ಮೈಕ್ರೊಟೋಮಿನ ಬ್ಲೇಡ್ ಕೂಡ ಅಪಾಯವೇ. ಬ್ಲಾಕ್ ಬದಲಿಸುವ ಮೊದಲು ಚಕ್ರಕ್ಕೆ ಬೀಗ, ಬ್ಲೇಡಿಗೆ ಮುಚ್ಚಳ, ಇದು ಮೊದಲ ದಿನದಿಂದಲೇ ಅಭ್ಯಾಸವಾಗಲಿ. ನನ್ನ ಎಡಗೈಯ ಹೆಬ್ಬೆರಳಿನ ಮೇಲೆ ಇನ್ನೂ ಗಾಯದ ಗೆರೆಯಿದೆ.

ಮಾಂಸದ ತುಂಡು ಎಂಬ ಮಾತಿಗೆ ಒಂದನ್ನು ಹೇಳಿ ನೋಡಿ. ನಮ್ಮ ಮನೆಯಲ್ಲೂ ಇದೇ ಮಾತಿತ್ತು. ನಮ್ಮ ಅಕ್ಕನಿಗೆ ಸ್ತನದಲ್ಲಿ ಗಂಟಾಗಿ ವರದಿಗಾಗಿ ನಾಲ್ಕು ದಿನ ಕಾಯುವಾಗ ನಮ್ಮ ಅಮ್ಮ ಮೊದಲ ಬಾರಿಗೆ ಕೇಳಿದರು, ‘ಆ ತುಂಡನ್ನು ಈಗ ಯಾರು ಕೊಯ್ಯುತ್ತಿರುತ್ತಾರೆ? ಅವರ ಕೈ ಚೆನ್ನಾಗಿದೆಯೇ?’ ಗಂಟು ಸಾಮಾನ್ಯದ್ದಾಗಿತ್ತು, ಅಕ್ಕ ಚೆನ್ನಾಗಿದ್ದಾಳೆ. ಅಮ್ಮ ಮತ್ತೆ ನನ್ನ ಕೆಲಸದ ಬಗ್ಗೆ ಆಕ್ಷೇಪದ ಮಾತಾಡಲಿಲ್ಲ. ನಿಮ್ಮ ಮನೆಯವರಿಗೆ ಇನ್ನೊಂದು ಸಮಾಧಾನವೂ ಇದೆ. ಈ ವಿಭಾಗದಲ್ಲಿ ರಾತ್ರಿ ಪಾಳಿ ಇಲ್ಲವೆನ್ನುವಷ್ಟು ಕಡಿಮೆ. ಬೆಳಿಗ್ಗೆ ಬೇಗ ಹೋಗಬೇಕು, ಸಂಜೆ ಬೆಳಕಿರುವಾಗಲೇ ಬಸ್ ಹಿಡಿಯಬಹುದು.

ವಿಚಾರಿಸಲು ಹುಬ್ಬಳ್ಳಿಗೆ ಬರುವುದಾದರೆ ಮಧ್ಯಾಹ್ನ ಮೂರರ ನಂತರ ವಿಭಾಗಕ್ಕೆ ಹೋಗಿ. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಎಲ್ಲರೂ ಬ್ಲಾಕುಗಳ ಮೇಲೆ ಬಾಗಿರುತ್ತಾರೆ, ಯಾರೂ ತಲೆ ಎತ್ತುವುದಿಲ್ಲ. ಮುಖ್ಯಸ್ಥರನ್ನು ಕಾಣುವ ಮೊದಲು ಅಲ್ಲಿನ ಹಿರಿಯ ತಂತ್ರಜ್ಞರನ್ನು ಕಂಡು, ಹಾವೇರಿಯಿಂದ ಬರುವ ಡಬ್ಬಿಗಳಲ್ಲಿ ಏನು ತಪ್ಪಿರುತ್ತದೆ ಎಂದು ಕೇಳಿ. ಅರ್ಧ ಗಂಟೆ ಹೇಳುತ್ತಾರೆ. ನೋಟುಬುಕ್ಕಿನ ಮೊದಲ ಪುಟ ಅದರಿಂದಲೇ ತುಂಬಲಿ.